ಐದು ಲೀಟರಿನ ಪಾತ್ರೆ

ಇಪ್ಪತ್ತಾರು ವರ್ಷ ನಾನು ಪೆಟ್ರೋಲು ಅಳೆದವನು,
ಹಾಕಿಸಿಕೊಂಡವನಲ್ಲ.
ತೂಕ-ಅಳತೆ ಇಲಾಖೆಯ ಜೀಪಿನ ಹಿಂದಿನ ಸೀಟಲ್ಲಿ
ತೊಡೆಯ ಮೇಲೆ ಐದು ಲೀಟರಿನ ಪಾತ್ರೆ,
ಮಗು ಕೂರಿಸಿಕೊಂಡ ಹಾಗೆ.
ಅರಸೀಕೆರೆ, ಆಲೂರು, ಹೊಳೆನರಸೀಪುರ, ಕೊಣನೂರು:
ಬಂಕಿಗೆ ಹೋಗು, ತುಂಬಿಸು, ಬಗ್ಗಿ ಗೆರೆ ನೋಡು.
ಇಪ್ಪತ್ತೈದು ಎಂ.ಎಲ್. ಆಚೀಚೆ ಆದರೆ ಮಾಫಿ.
ಅದಕ್ಕೂ ಇಳಿದರೆ ಪಂಪಿನ ಬಾಯಿಗೆ ಸೀಲು.

ಅಂಥವನ ಮುಂದೆ, ಬಿ.ಎಂ. ರಸ್ತೆಯ ಶೋರೂಮಿನಲ್ಲಿ,
ನಿಶ್ಚಲ್ ಎಂಬ ಹುಡುಗ ಹೊಳೆಯುವ ಹಾಳೆಯಿಟ್ಟು
‘ಇಪ್ಪತ್ನಾಲ್ಕು ಪಾಯಿಂಟ್ ಎಂಟು ಸಾರ್’ ಅಂದ.
ಯಾವ ರಸ್ತೆಯಲ್ಲಿ?
‘ಕಂಪನಿಯಲ್ಲಿ ಸಾರ್.’
ಕಂಪನಿಯೊಳಗೆ ರಸ್ತೆ ಇದೆಯಾ?
‘ರೋಲರ್ ಮೇಲೆ ಓಡಿಸ್ತಾರೆ ಸಾರ್.’
ಪಾಪ, ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತೆಂದು
ತಾನೇ ಎದ್ದು ತಂದುಕೊಟ್ಟ.
ಸುಳ್ಳು ಹೇಳುವ ಮುಖವಲ್ಲ.
ಸುಳ್ಳಿದ್ದರೆ ಹಾಳೆಯದು.

ನಮಗೆ ಕಾರು ಬೇಕಾದ ಕಾರಣ ಸಣ್ಣದು.
ಪದ್ಮಲತಾ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ,
ಅವಳ ಅಜ್ಜಿಯೂ ಉಣ್ಣುತ್ತಿರಲಿಲ್ಲ.
ಬೆಳಗೊಳದ ಶಾಲೆಯ ಆಫೀಸಿಗೆ ಬೀಗ ಹಾಕಿ
ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಬೇಕು;
ಆ ಬಸ್ಸಿಗೆ ಸೂರ್ಯನ ಹಂಗಿಲ್ಲ.
ಪುಷ್ಯ ಮಾಸದಲ್ಲಿ ವಾರಕ್ಕೆ ಮೂರು ಸಂಜೆ
ಮಾಡಿಟ್ಟ ಅನ್ನಕ್ಕೆ ಮುಚ್ಚಳ ಮುಚ್ಚಿ
ನೀರೂ ಮುಟ್ಟದೆ ಮಲಗುತ್ತಾಳೆ. ದೂರುವುದಿಲ್ಲ.
ನಾನೋ, ಬೆಳಕಿರುವಾಗಲೇ ಉಂಡು ಕೈತೊಳೆದವನು.

ತಣ್ಣೀರುಹಳ್ಳದ ಗ್ಯಾರೇಜಿನ ಇನಾಯತನನ್ನು ಕೇಳಿದೆ.
ಹತ್ತೊಂಬತ್ತು ವರ್ಷದ ಅವನ ಪುಟ್ಟ ಕಾರು
ಅಲ್ಲೇ ಬೇವಿನ ಕೆಳಗೆ; ಬಾನೆಟ್ ಮೇಲೆ ಬೆಕ್ಕಿನ ಸಂಸಾರ.
‘ಗಾಡಿ ಕುಡಿಯಲ್ಲ ಸ್ವಾಮಿ, ಬಲಗಾಲು ಕುಡಿಯುತ್ತೆ.
ಹೊಸದರಲ್ಲಿ ಎಲ್ಲಾ ಗಾಡೀನೂ ಚೆಂದ. ಹತ್ತನೇ ವರ್ಷ
ಬಾಗಿಲ ಹಿಡಿ ಮುರಿದರೆ ಹಾಸನದಲ್ಲೇ ಸಿಗುತ್ತಾ,
ಹದಿನೈದು ದಿನ ಕಾಯಬೇಕಾ, ಅದನ್ನ ಕೇಳಿ.
ಟರ್ಬೊ ಬೇಡ. ಆಕಾಶ ತೋರಿಸೋ ಗಾಜು ಬೇಡ.
ಕಮ್ಮಿ ಇದ್ದದ್ದು ಕಮ್ಮಿ ಕೆಡುತ್ತೆ.’

ಕಮ್ಮಿ ಇದ್ದದ್ದು ಕಮ್ಮಿ ಕೆಡುತ್ತೆ.
ಇದನ್ನೇ ನಮ್ಮ ಬಸದಿಯಲ್ಲಿ
ಪ್ರಾಕೃತದಲ್ಲಿ ಹೇಳುತ್ತಾರೇನೋ,
ನನಗೆ ಅರ್ಥವಾಗಿರಲಿಲ್ಲ.

ಆರ್.ಸಿ. ಹದಿನೈದು ವರ್ಷಕ್ಕೆ. ನನಗೆ ಐವತ್ತೆರಡು.
ಕೂಡಿದೆ. ಇನ್ನೊಮ್ಮೆ ಕೂಡಿದೆ.
ಲೆಕ್ಕ ತಪ್ಪಾಗಲಿ ಎಂದು ಕೂಡಿದ್ದು
ಸರ್ವೀಸಿನಲ್ಲಿ ಅದೇ ಮೊದಲು.

ಟೆಸ್ಟ್ ಡ್ರೈವು ಪಟ್ಟಣದ ತನಕ ಬೇಕೆಂದೆ.
ನಿಶ್ಚಲ್ ಮ್ಯಾನೇಜರ ಬಳಿ ಮೂರು ಸಲ ಹೋಗಿ ಬಂದ.
ಇಲಾಖೆಯ ಪಾತ್ರೆ ಸ್ವಂತಕ್ಕೆ ತರುವಂತಿಲ್ಲ,
ಟ್ಯಾಂಕನ್ನೇ ಕತ್ತಿನವರೆಗೆ ತುಂಬಿಸಿ ಹೊರಟೆವು.
ಹಿಂದೆ ಪದ್ಮಲತಾ, ಮಡಿಲಲ್ಲಿ ಅವಳ ಡಬ್ಬಿ.
ಹಂಪು ಬಂದಾಗೆಲ್ಲ ನಾನು ಹೊಟ್ಟೆ ಎಳೆದುಕೊಂಡೆ,
ಕಾರಿನ ತಳ ನನ್ನದೇ ಎಂಬಂತೆ.

ಬರುವಾಗ ಶಾಂತಿಗ್ರಾಮದ ಹತ್ತಿರ
ಬಿಸಿಲು ಕಬ್ಬಿನ ಗರಿಯ ಮೇಲೆ ಒಂದು ಗೇಣು.
‘ನಿಲ್ಲಿಸಿ’ ಅಂದಳು.
ಮೋರಿಯ ಕಟ್ಟೆಯ ಮೇಲೆ ಮೂವರೂ ಕೂತೆವು.
ಈರುಳ್ಳಿಯಿಲ್ಲದ ಚಿತ್ರಾನ್ನ, ಮಾಗಿದ ಬಾಳೆಹಣ್ಣು.
ಹುಡುಗನಿಗೇ ಮೊದಲು ಬಡಿಸಿದಳು.
ಎಂಜಿನ್ ಸುಮ್ಮನೆ ಗುನುಗುತ್ತಿತ್ತು.
‘ಆಫ್ ಮಾಡಪ್ಪ,’ ಅಂದೆ,
‘ನಿಂತ ಗಾಡಿಗೆ ಮೈಲೇಜು ಸೊನ್ನೆ.’
ಅವಳು ಅವಸರವಿಲ್ಲದೆ ಉಂಡಳು. ಎಷ್ಟು ದಿನವಾಗಿತ್ತು,
ಸಂಜೆಯ ಬೆಳಕಲ್ಲಿ ಅವಳು ಅಗಿಯುವುದನ್ನು ನೋಡಿ.

ಅದೇ ಬಂಕು, ಅದೇ ಪೈಪು.
ಪಂಪಿನವನು ನನ್ನ ಗುರುತು ಹಿಡಿದು
ಒಂದು ಹನಿ ಹೆಚ್ಚೇ ಹಾಕಿರಬೇಕು.
ಎಪ್ಪತ್ತಾರು ಕಿಲೋಮೀಟರು;
ಮೂರು ಲೀಟರು ಎಂಟುನೂರ ಎಂಬತ್ತು.
ಹತ್ತೊಂಬತ್ತು ಪಾಯಿಂಟ್ ಆರು.
‘ಐದು ಪಾಯಿಂಟ್ ಎರಡು ಎಲ್ಲಿ ಹೋಯ್ತು ಸಾರ್?’
ಹುಡುಗನೇ ಕೇಳಿದ, ನಿಜಕ್ಕೂ ಗಾಬರಿಯಿಂದ.

ಇಪ್ಪತ್ತೈದು ಎಂ.ಎಲ್.ಗೆ ಸೀಲು ಹಾಕಿದವನು ನಾನು.
ಹಾಳೆ ಮಡಚಿ ಜೇಬಿಗಿಟ್ಟು ಮಾಫಿ ಅಂದೆ.

‘ಬಣ್ಣ ಯಾವುದು ಮೇಡಂ?’
ಪದ್ಮಲತಾ ಕರಪತ್ರ ತಿರುಗಿಸಿ ತಿರುಗಿಸಿ ನೋಡಿ
‘ಧೂಳು ಕಾಣದ್ದು’ ಅಂದಳು.